ತಂತಿ ಬಿಗಿದ ಡ್ರಮ್ಮು

ದೆವ್ವ-ಗಿವ್ವ ಅಂತ ನಾ ಅನ್ನಂಗಿಲ್ಲರಿ. ಆದದ್ದಷ್ಟ ಹೇಳ್ತೇನಿ.

ಎಂಬತ್ತಾರನೇ ಇಸ್ವಿ, ಅಳ್ನಾವರದಾಗ ನಮ್ಮದು ಮದುವಿ ಬ್ಯಾಂಡಿನ ಅಂಗಡಿ. ನಾನು ಸೈಡ್ ಡ್ರಮ್ ಬಾರಸ್ತಿದ್ದೆ, ಗೆಳೆಯ ಅಂದಾನೆಪ್ಪ ಕ್ಲಾರಿನೆಟ್ ಊದ್ತಿದ್ದ. ಡ್ರಮ್ಮಿನ ತಳಕ ಸಣ್ಣ ತಂತಿ ಇರ್ತಾವು. ಅವನ್ನ ಬಿಗಿದ ಹಂಗ ಇಟ್ರ, ಬಾಜೂಕ ರೈಲು ಹಾದ್ರೂ, ಯಾರರ ಮಾತಾಡಿದ್ರೂ ಜುಂಯ್ ಅಂತಾವು. ಅದಕ್ಕ ಬಾರಿಸೂದು ಮುಗಿದ ಮ್ಯಾಲ ತಂತಿ ಸಡ್ಲ ಮಾಡೇ ಗ್ವಾಡಿ ಹಲಗಿ ಮ್ಯಾಲ ಇಡೂದು.

ಆ ಮಳಿಗಾಲದಾಗ ಅಂದಾನೆಪ್ಪ ಹಳ್ಳ ದಾಟುವಾಗ ನೀರಪಾಲಾದ ಅಂತ ಸುದ್ದಿ ಬಂತು. ಮರುವಾರ ತಾನ ನಡಕೊಂಡು ಬಂದ. "ಸುದ್ದಿ ಸುಳ್ಳು ಲೇ," ಅಂತ ನಕ್ಕ. ಎಲ್ಲಾರಿಗೂ ಖುಷಿ ಆತು. ಆದ್ರ ಅವತ್ತಿನಿಂದ ಅಂಗಡಿಗೆ ಬಂದಾಂವ ಮದಲ ಡ್ರಮ್ಮಿನ ಬುಡಕ ಕೈಯಾಡಿಸಿ ನೋಡಾಂವ. ತಂತಿ ಸಡ್ಲ ಇದ್ರಷ್ಟ ಬಾಯಿ ಬಿಡಾಂವ. ನನಗ ಸಂಶೇ ಹತ್ತಿತು.

ಒಂದಿನ ಮಧ್ಯಾಹ್ನ ಬೇಕಂತ ಎಲ್ಲಾ ಡ್ರಮ್ ಬಿಗಿದಿಟ್ಟೆ. ಅಂವ ಒಳಗ ಬಂದು ಡ್ರಮ್ಮಿಗೆ ಕೈ ಹಚ್ಚೂದ್ರಾಗ, ನಾ ಬಾಯಿ ಬಿಡದನ ಚಾದ ಕಪ್ಪು ಅವನ ಕೈಯಾಗ ಕೊಟ್ಟೆ.

"ಯಾಕಲೇ ಮಡಿವಾಳ್ಯಾ, ಮಕಾ ಸಣ್ಣ ಮಾಡೀಯಲ್ಲ?" ಅಂದ, ಅಗದಿ ಜೋರ ದನಿಲೆ. ಒಂದು ತಂತೀನೂ ಮಿಸುಕಲಿಲ್ಲ.

"ಏನಿಲ್ಲೋ," ಅಂದೆ.

ಡ್ರಮ್ಮಿನ ಸಾಲಿಗೆ ಸಾಲ ಜುಂಯ್ ಅಂತು.

ಅಂವ ಡ್ರಮ್ ನೋಡಿದ, ನನ್ನ ನೋಡಿದ. ಕಪ್ಪು ಕೆಳಗಿಟ್ಟು, ಒಂದೊಂದ ತಂತಿ ಸಡ್ಲ ಮಾಡಿ ಹೋದ.

ಮರುದಿನ ಅವನ ಹೆಂಡ್ತಿ ದುಂಡವ್ವ ಬಂದ್ಲು.

"ಅಣ್ಣಾರ, ಒಂದು ಡ್ರಮ್ಮು ಮನಿಗೆ ಒಯ್ತೇನ್ರಿ," ಅಂದ್ಲು. "ತಂತಿ ಬಿಗಿದ ಕೊಡ್ರಿ."