ಗ್ಲೋಬ್ ಬಿದ್ದದ್ದು ಹೇಗೆ?

“ಗಾಳಿನೇ ಟೀಚರ್! ನೂರಕ್ಕೆ ನೂರು ಗಾಳಿನೇ!” ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಕುಣಿದಾಡಿದಳು.

ಮೇಜಿನ ಮೇಲೆ ತರಗತಿಯ ಗ್ಲೋಬ್ ಮಲಗಿತ್ತು. ಸ್ಟ್ಯಾಂಡ್ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಸಮುದ್ರದ ನಟ್ಟನಡುವೆ ದೊಡ್ಡ ಗುಳಿ. ಚೆಂಡನ್ನು ಹಿಡಿದಿಡುವ ಮೇಲಿನ ಸ್ಕ್ರೂ ಮಾತ್ರ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ.

ಈ ಟೀಚರ್ ರೀತಿಯೇ ಹಾಗೆ. ತರಗತಿಯಲ್ಲಿ ಏನು ಮುರಿದರೂ, ಏನು ಚೆಲ್ಲಿದರೂ ಅದನ್ನು ಮೇಜಿನ ಮೇಲೆ ಇಡುತ್ತಿದ್ದರು. “ಹೇಗಾಯ್ತು? ನೋಡೋಣ ಬನ್ನಿ” ಎನ್ನುತ್ತಿದ್ದರು. ಅಷ್ಟು ಸಾಕು, ಮಕ್ಕಳೆಲ್ಲ ಪತ್ತೇದಾರರು!

ಕೊನೆಯ ಬೆಂಚಿನಲ್ಲಿ ಬುಗುರಿ ಮಾತ್ರ ತುಟಿ ಬಿಚ್ಚದೆ ಕೂತಿದ್ದಳು. ನಿಂತಲ್ಲಿ ನಿಲ್ಲದ ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರದು. ಅವಳ ಹಿಂದೆಯೇ ಅದು ಶಾಲೆಗೂ ಬಂದುಬಿಟ್ಟಿತ್ತು.

ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ, ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವಳು ಅವಳೇ. ಗ್ಲೋಬನ್ನು ಎಷ್ಟು ಜೋರಾಗಿ ತಿರುಗಿಸಬಹುದು? ಒಂದು ಕೈ, ಎರಡು ಕೈ, ಇನ್ನೂ ಜೋರು... ಆಗ ಅವಳಿಗೊಂದು ಸೋಜಿಗ ಕಾಣಿಸಿತು. ಮರುಕ್ಷಣ ಸ್ಕ್ರೂ ಟಣ್ಣೆಂದು ಹಾರಿತು. ಗ್ಲೋಬ್ ಧಡ್ ಎಂದು ನೆಲಕ್ಕೆ ಬಿತ್ತು. ಸ್ಕ್ರೂ ಹೆಕ್ಕಿಕೊಂಡು ಬುಗುರಿ ಕಾಲಿಗೆ ಬುದ್ಧಿ ಹೇಳಿದ್ದಳು.

ಆ ಸೋಜಿಗವನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದುಹೋಗುವ ಹಾಗಿತ್ತು. ಆದರೆ ಹೇಳಿದರೆ ಸಿಕ್ಕಿಬೀಳುತ್ತಿದ್ದಳು.

“ಬೆಳಗ್ಗೆ ಬಂದಾಗ ಕಿಟಕಿ ತೆರೆದೇ ಇತ್ತು ಟೀಚರ್,” ಎಂದಳು ಕನ್ನಡಕದ ಹುಡುಗಿ. “ಲೀಡರ್ ಮುಚ್ಚೋಕೆ ಮರೆತಿದ್ದಾನೆ!”

ಎಲ್ಲರ ಕಣ್ಣೂ ಕಿಟಕಿ ಲೀಡರ್ ಮೇಲೆ ಬಿತ್ತು. ಸಂಜೆ ಕಿಟಕಿಗಳ ಚಿಲಕ ಹಾಕುವುದು ಅವನ ಕೆಲಸ. ಅದಕ್ಕೆಂದೇ ಅವನ ಅಂಗಿಯ ಮೇಲೆ ಹಸಿರು ಬ್ಯಾಡ್ಜ್ ಇತ್ತು. ಪಾಪ, ನಿನ್ನೆ ಒಂದು ಕಿಟಕಿ ಮರೆತದ್ದೂ ನಿಜ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು.

“ಗಾಳಿ ಅಂತೀರಾ? ಹಾಗಾದ್ರೆ ಪರೀಕ್ಷೆ ಮಾಡೋಣ,” ಎಂದರು ಟೀಚರ್.

ಸ್ಕ್ರೂ ಇರಬೇಕಾದ ಜಾಗದಲ್ಲಿ ಪೆನ್ಸಿಲ್ ತುಂಡು ಸಿಕ್ಕಿಸಿ ಗ್ಲೋಬನ್ನು ನಿಲ್ಲಿಸಿದರು. ಕಿಟಕಿಗಳನ್ನೆಲ್ಲ ತೆರೆದರು. ಫ್ಯಾನ್ ಕೂಡ ಫುಲ್ ಸ್ಪೀಡ್! ಗ್ಲೋಬ್ ಸೋಮಾರಿಯಂತೆ ಒಂಚೂರು ತಿರುಗಿ ನಿಂತುಬಿಟ್ಟಿತು.

“ನಿನ್ನೆ ಇನ್ನೂ ಜೋರು ಗಾಳಿ ಇತ್ತು ಟೀಚರ್. ಸ್ಕ್ರೂನೂ ಗಾಳಿನೇ ಕಿಟಕಿಯಿಂದ ಆಚೆ ಹಾಕಿದೆ!” ಕನ್ನಡಕದ ಹುಡುಗಿ ಪಟ್ಟು ಬಿಡಲಿಲ್ಲ.

ಲೀಡರ್ ನಿಧಾನವಾಗಿ ಎದ್ದು ಬಂದ. ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟ. “ನಂಗೆ ಬೇಡ ಟೀಚರ್. ಬೇರೆ ಯಾರಿಗಾದ್ರೂ ಕೊಡಿ.”

ಬುಗುರಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿನಾ ತೋಳಿನಿಂದ ಒರೆಸಿ ಒರೆಸಿ ಅವನು ಹೊಳೆಯಿಸುತ್ತಿದ್ದ ಬ್ಯಾಡ್ಜ್ ಅದು. ಸುಮ್ಮನಿದ್ದರೆ ಇಲ್ಲಿಗೆ ಎಲ್ಲ ಮುಗಿಯುತ್ತದೆ. ಆದರೆ ಆ ಉತ್ತರವೇ ತಪ್ಪು!

“ಸ್ಕ್ರೂ ಆಚೆ ಹೋಗಿಲ್ಲ!” ಮಾತು ಬಾಯಿಂದ ಹಾರಿಯೇಬಿಟ್ಟಿತು.

“ನಿಂಗೆ ಹೇಗೆ ಗೊತ್ತು?” ಕನ್ನಡಕ ಸರ್ರನೆ ಹಿಂದಕ್ಕೆ ತಿರುಗಿತು.

ಬುಗುರಿ ಮುಷ್ಟಿ ಬಿಚ್ಚಿದಳು. ಬೆವರಿದ ಅಂಗೈಯಲ್ಲಿ ಸ್ಕ್ರೂ ಇತ್ತು. “ನಾನೇ ತಿರುಗಿಸಿದ್ದು. ತುಂಬಾ ಜೋರಾಗಿ. ಗಾಳಿ ಅಲ್ಲ, ಅವನೂ ಅಲ್ಲ.”

ಈಗ ಬೈಗುಳ ಬೀಳುತ್ತದೆ ಎಂದು ಬುಗುರಿ ಕಣ್ಣು ಮುಚ್ಚಿದಳು.

“ಅಷ್ಟು ಜೋರಾಗಿ ತಿರುಗಿಸಿದಾಗ ಏನು ಕಾಣಿಸ್ತು?” ಟೀಚರ್ ಕೇಳಿದರು.

ಬುಗುರಿ ಕಣ್ಣರಳಿಸಿದಳು. “ಎಲ್ಲಾ ಬಣ್ಣ ಸೇರಿ ಒಂದೇ ಬಣ್ಣ ಆಯ್ತು ಟೀಚರ್! ಒಂದು ದೇಶನೂ ಕಾಣಿಸ್ಲಿಲ್ಲ!”

“ಹೌದಾ? ನಾನು ಯಾವತ್ತೂ ಅಷ್ಟು ಜೋರಾಗಿ ತಿರುಗಿಸೇ ಇಲ್ಲ ನೋಡು,” ಎಂದರು ಟೀಚರ್. ಆಮೇಲೆ ಗುಳಿಯ ಮೇಲೆ ಬೆರಳಾಡಿಸಿದರು. “ಸರಿ, ಇದನ್ನ ರಿಪೇರಿ ಮಾಡೋದು ಹೇಗೆ?”

ಊಟದ ಬಿಡುವಿನಲ್ಲಿ ಬುಗುರಿ ಸ್ಕ್ರೂ ಬಿಗಿ ಮಾಡತೊಡಗಿದಳು. ಕಿಟಕಿ ಲೀಡರ್ ದೂರದಲ್ಲೇ ನಿಂತಿದ್ದ.

“ಸಾರಿ ಕಣೋ,” ಎಂದಳು ಅವಳು.

“ಬೆಳಗ್ಗೆಯಿಂದ ನಾನೇ ಬೀಳಿಸಿದ್ದು ಅಂದ್ಕೊಂಡಿದ್ದೆ,” ಎಂದ ಅವನು. ಮುಖ ಇನ್ನೂ ಊದಿತ್ತು. ಆದರೂ ಹತ್ತಿರ ಬಂದು ಸ್ಟ್ಯಾಂಡ್ ಹಿಡಿದ. “ಎಲ್ಲಿ, ತಿರುಗಿಸು. ನಾನೂ ನೋಡ್ಬೇಕು.”

ಗ್ಲೋಬ್ ಗಿರ್ರನೆ ತಿರುಗಿತು. ಗುಳಿ ಕೂಡ ಬಣ್ಣದೊಳಗೆ ಮಾಯ.

“ಅಬ್ಬಾ!” ಎಂದ ಲೀಡರ್.

ಬುಗುರಿ ಟೀಚರ್ ಕಡೆ ನೋಡಿದಳು. ಬೆಳಗ್ಗೆಯಿಂದ ಅವರು ಎಷ್ಟೊಂದು ಪ್ರಶ್ನೆ ಕೇಳಿದ್ದರು! ‘ಯಾರು?’ ಎಂದು ಮಾತ್ರ ಒಂದು ಸಲವೂ ಕೇಳಿರಲಿಲ್ಲ. ಅದನ್ನು ಹೇಳುವುದನ್ನು ಅವಳಿಗೇ ಬಿಟ್ಟಿದ್ದರು.

ಸಂಜೆ ಗಂಟೆ ಹೊಡೆದಾಗ ಬುಗುರಿ ಓಡಲಿಲ್ಲ. ಮತ್ತೆ ಹಸಿರು ಬ್ಯಾಡ್ಜ್ ತೊಟ್ಟಿದ್ದ ಲೀಡರ್ ಜೊತೆ ನಿಂತು ಒಂದೊಂದೇ ಕಿಟಕಿಯ ಚಿಲಕ ಹಾಕಿದಳು.