ಕತ್ತರಿ ಕಂಡ ಕಣ

“ಸೀರೆ, ರವಿಕೆ ಕಣ ವಾಪಸ್ ಇಸ್ಕೊಂಡು ಹೋಗೋಕೆ ಬಂದಿದ್ದೀನಿ,” ಅಂದ ಚಲುವರಾಜು. ಬೈಕಿನಿಂದ ಇನ್ನೂ ಇಳಿದಿರಲಿಲ್ಲ.

ಜಯಶೀಲಾ ಹೊಲಿಗೆ ಮಿಷನ್ ಬಿಟ್ಟು ಏಳಲಿಲ್ಲ. ಭಾನುವಾರ ಕೈಲಾಂಚದ ಮನೆಯ ಆ ಜಗುಲಿಯಿಂದ ಅವಳನ್ನು ಎಬ್ಬಿಸುವ ಧೈರ್ಯ ಹೆತ್ತಪ್ಪನಿಗೂ ಇರಲಿಲ್ಲ. ವಾರವೆಲ್ಲ ರಾಮನಗರದ ಸ್ಕೂಲಿನಲ್ಲಿ ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬರುವ ಟೀಚರಮ್ಮನಿಗೆ ಇದೊಂದೇ ಹುಚ್ಚು. ತುಂಡು ಬಟ್ಟೆ ಜೋಡಿಸಿ ಪುಟ್ಟ ಪುಟ್ಟ ಪೌಚು, ಕೈಚೀಲ ಹೊಲಿಯುವುದು.

ತುಂಡಿಗೇನು ಬರವೇ? ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ ತಾಂಬೂಲದ ಜೊತೆ ಒಂದು ರವಿಕೆ ಕಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ, ಟ್ರಂಕಿಗೆ ಹಾಕಿ ಮುಂದಿನ ಮನೆಗೆ ದಾಟಿಸುತ್ತಾರೆ. ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ಬಂದ ಕಣಗಳೂ ಉಂಟು! ಅವುಗಳ ತಿರುಗಾಟ ನಿಲ್ಲಿಸಿದವಳು ಜಯಶೀಲಾ ಒಬ್ಬಳೇ. “ಇವಳ ಕೈಗೆ ಕತ್ತರಿ ಕೊಟ್ಟವರ್ಗೆ ಬುದ್ಧಿ ಇಲ್ಲ,” ಅಂತ ತಾಯಿ ಗಂಗಲಕ್ಷ್ಮಮ್ಮ ಬೈಯುತ್ತಿದ್ದಳು. ಕತ್ತರಿ ಕೊಡಿಸಿದವಳೂ ಅವಳೇ.

ಈಗ ಚಲುವರಾಜು ಕೇಳುತ್ತಿದ್ದದ್ದು ಅಂಥಿಂಥ ಕಣವಲ್ಲ. ಹೋದ ತಿಂಗಳು ಮಾಗಡಿ ಕಡೆಯ ಕಲ್ಯದಿಂದ ಅವನ ಮನೆಯವರು ಹೆಣ್ಣು ನೋಡಲು ಬಂದಿದ್ದರು. ಒಪ್ಪಿಗೆಯಾಗಿ, ಜಯಶೀಲಾಳ ಮಡಿಲಿಗೆ ಸೀರೆ ಕಣ ಹಾಕಿ ಹೋಗಿದ್ದರು. ಆಮೇಲೆ ಶುರುವಾಯಿತು ನೋಡಿ ದೊಡ್ಡವರ ಜಗಳ. ಮದುವೆ ಮಾಗಡಿ ಛತ್ರದಲ್ಲೇ ಆಗಬೇಕು ಅಂತ ಅವನ ಸೋದರಮಾವ ಮುನಿಶಾಮಯ್ಯ. ರಾಮನಗರ ಬಿಟ್ಟು ಕದಲಲ್ಲ ಅಂತ ಇವಳಪ್ಪ ಹನುಮಂತಯ್ಯ. ಮಾತಿಗೆ ಮಾತು ಬೆಳೆದು, “ನಮ್ ಸೀರೆ ಕಣ ವಾಪಸ್ ಕಳ್ಸಿ,” ಅನ್ನುವಲ್ಲಿಗೆ ನಿಂತಿತ್ತು. ಸೀರೆ ಕಣ ಹಿಂದಕ್ಕೆ ಹೋಯಿತೋ, ಸಂಬಂಧ ಮುರಿಯಿತು ಅಂತಲೇ.

ಮದುವೆ ಆಗಬೇಕಾದ ಇಬ್ಬರನ್ನು ಯಾರಾದರೂ ಕೇಳಿದರಾ? ಊಹೂಂ.

ಜಯಶೀಲಾ ಒಳಗೆ ಹೋಗಿ ಸೀರೆಯ ಕವರ್ ತಂದು ಜಗುಲಿ ಮೇಲಿಟ್ಟಳು. ಅವನು ಬಿಚ್ಚಿ ನೋಡಿದ.

“ಸೀರೆ ಐತೆ. ಕಣ?”

“ಇಲ್ಲ. ಕತ್ತರಿಸ್ಬುಟ್ಟೆ.”

ಅವನ ಹುಬ್ಬು ಮೇಲೆ ಹೋಯಿತು. ಅದರ ಹಿಂದೆಯೇ ತುಟಿಯ ಒಂದು ಮೂಲೆಯೂ ಒಸಿ ಮೇಲೆ ಹೋದದ್ದನ್ನು ಅವಳು ನೋಡಿಬಿಟ್ಟಳು.

“ರವಿಕೆ ಹೊಲಿಸ್ಕೊಂಡ್ರಾ?”

“ರವಿಕೆ ಅಲ್ಲ. ಇದು.”

ಅವಳು ಮಿಷನ್ನಿನ ಡ್ರಾಯರಿನಿಂದ ತೆಗೆದದ್ದು ಗೇಣುದ್ದದ, ಸಪೂರ ಪೌಚು. ಮೇಲೆ ಕಲ್ಯದವರ ನೇರಳೆ ಕಣದ ಚೌಕಗಳು, ನಡುನಡುವೆ ಹಳದಿ, ಗಿಣಿಹಸಿರು ತುಂಡುಗಳು. ಒಳಗೆ ಮೆತ್ತಗೆ ಹತ್ತಿ.

“ಇದ್ರಲ್ಲಿ ಏನ್ ಇಡ್ತೀರಾ?”

“ನಾನ್ಯಾಕೆ ಇಡ್ಲಿ? ನಿಮ್ಮ ಥರ್ಮಾಮೀಟರ್ ತೆಗೀರಿ.”

ಚಲುವರಾಜು ಮಾಗಡಿ ಪಶು ಆಸ್ಪತ್ರೆಯಲ್ಲಿ ಜಾನುವಾರು ಇನ್‌ಸ್ಪೆಕ್ಟರ್. ಹೆಣ್ಣು ನೋಡಲು ಬಂದ ದಿನವೂ ಯಾವುದೋ ಹಸುವಿನ ಹೆರಿಗೆ ಮುಗಿಸಿ ನೇರ ಬಂದಿದ್ದ. ಕಾಫಿ ಲೋಟಕ್ಕೆ ಬಗ್ಗಿದಾಗ ಜೇಬಿನಿಂದ ಥರ್ಮಾಮೀಟರ್ ಜಾರಿ ಒಡೆದು, ಪಾದರಸ ನೆಲದ ತುಂಬಾ ಓಡಾಡಿತ್ತು. ಹಿರಿಯರೆಲ್ಲ ಕಾಲು ಮೇಲೆತ್ತಿ ಕೂತಿದ್ದರು. ಅವನು ಹಿರಿಯರನ್ನು ಬಿಟ್ಟು ಇವಳನ್ನೇ ನೋಡಿ ನಕ್ಕಿದ್ದ. ಅವಳು ಅವನನ್ನು ಒಪ್ಪಿದ್ದು ಆ ಗಳಿಗೆಯಲ್ಲಿ.

ಈಗ ಜೇಬಿನಲ್ಲಿದ್ದ ಹೊಸದನ್ನು ಪೌಚಿಗೆ ಇಳಿಸಿದ. ಸರಿಯಾಗಿ ಕೂತಿತು.

“ಅಳತೆ ಹೆಂಗ್ ಗೊತ್ತಾಯ್ತು?”

“ನಮ್ಮೂರ ದನದ ಆಸ್ಪತ್ರೆಗೆ ಹೋಗಿ ನೋಡ್ಕೊಂಡ್ ಬಂದೆ. ಯಾವ್ ಹಸುಗಮ್ಮಾ ಹುಷಾರಿಲ್ಲ ಅಂತ ಕೇಳಿದ್ರು.”

“ಏನಂದ್ರಿ?”

“ಹಸುಗಲ್ಲ, ಅಂದೆ.”

ಅವನು ನಕ್ಕ, ನಗು ತಡೆದ, ಮತ್ತೆ ನಕ್ಕ. ಅಷ್ಟರಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಹನುಮಂತಯ್ಯ ಬಂದ. ಬೈಕ್ ನೋಡಿದ್ದೇ ಮುಖ ಗಂಟಿಕ್ಕಿದ.

“ಕೊಟ್ಟು ಕಳ್ಸವ್ವ. ನಮಗೇನ್ ಗಂಡು ಸಿಗಲ್ವಾ?”

“ಕಣ ಕತ್ತರಿಸ್ಬುಟ್ಟಿದ್ದೀನಿ ಅಪ್ಪ.”

ಹೊರೆ ದೊಪ್ಪನೆ ನೆಲಕ್ಕೆ ಬಿತ್ತು. “ಅದ್ಕೇನಂತೆ. ಅಂಥದ್ದೇ ಇನ್ನೊಂದು ತಂದು ಬಿಸಾಕ್ತೀನಿ.”

ಇದು ಜಯಶೀಲಾಳಿಗೆ ಹೊಳೆದಿರಲಿಲ್ಲ. ಅವನೀಗ ಹೂಂ ಅಂದರೆ ಮುಗಿದೇಹೋಯಿತು. ಅವಳು ಅವನ ಮುಖವನ್ನೇ ನೋಡಿದಳು.

ಚಲುವರಾಜು ಪೌಚನ್ನು ಜೇಬಿಗಿಟ್ಟುಕೊಂಡ. “ಇನ್ನೊಂದು ಬ್ಯಾಡಿ. ನಂಗೆ ಇದೇ ಸಾಕು.”

“ಏನ್ಲಾ ಹಂಗಂದ್ರೆ?”

ಇನ್ನು ಸುಮ್ಮನಿದ್ದರೆ ಕೆಟ್ಟಿತು ಅಂದುಕೊಂಡಳು ಜಯಶೀಲಾ. “ನಂಗೆ ಇವರೇ ಬೇಕು ಅಂತ, ಅಪ್ಪ. ಕಣ ಕತ್ತರಿಸಿದ್ದೂ ಅದ್ಕೇ. ಮಾಗಡಿ ಛತ್ರನೂ ಬ್ಯಾಡ, ರಾಮನಗರದ್ದೂ ಬ್ಯಾಡ. ನಮ್ಮನೆ ಮುಂದೆ ಚಪ್ಪರ ಹಾಕ್ಸು, ತಾಳಿ ಕಟ್ಟೋಕೆ ಅಷ್ಟು ಜಾಗ ಸಾಲ್ದಾ?”

ಹನುಮಂತಯ್ಯ ಅಳಿಯನಾಗಲು ನಿಂತವನ ಕಡೆ ತಿರುಗಿದ. “ನಿಮ್ಮಾವ ಒಪ್ತಾನಾ?”

“ಒಪ್ಪಿಸ್ತೀನಿ.”

“ಒಪ್ಪದೆ ಹೋದ್ರೆ?”

“ಅಮ್ಮನ್ನ ಹಿಂದೆ ಕೂರಿಸ್ಕೊಂಡು ಇದೇ ಗಾಡೀಲಿ ಬತ್ತೀನಿ. ಮುಹೂರ್ತ ತಪ್ಸಲ್ಲ.”

ಒಳಗಿನಿಂದ ಗಂಗಲಕ್ಷ್ಮಮ್ಮನ ದನಿ ಬಂತು. “ಇನ್ನೇನ್ ಕೇಳ್ತೀಯಾ ಅವ್ನ? ಬಿಡು ಸಾಕು!”

ಹನುಮಂತಯ್ಯ ಮೀಸೆ ಸವರಿದ. ಆಮೇಲೆ ಸೀರೆಯ ಕವರ್ ಎತ್ತಿ ಮಗಳ ಕೈಗೆ ಕೊಟ್ಟು, ಸೊಪ್ಪಿನ ಹೊರೆ ಹೊತ್ತು ರೇಷ್ಮೆ ಹುಳದ ಮನೆಗೆ ನಡೆದ. “ಊಟಕ್ಕಿಟ್ಟು ಕಳ್ಸು,” ಅನ್ನುವುದನ್ನು ಮರೆಯಲಿಲ್ಲ.

ಊಟ ಮುಗಿಸಿ ಅವನು ಹೊರಟಾಗ ಜಯಶೀಲಾ ಗೇಟಿನವರೆಗೆ ಬಂದಳು. ಬೈಕ್ ಸ್ಟಾರ್ಟ್ ಆಗಿತ್ತು.

“ನಮ್ಮಪ್ಪಂಗೆ ಎಲ್ಲಾ ಹೇಳಿದ್ರಿ. ನಂಗೇನೂ ಹೇಳ್ಲಿಲ್ಲ.”

ಅವನ ಕಿವಿ ಕೆಂಪಾಯಿತು. ಹ್ಯಾಂಡಲ್ ನೋಡಿಕೊಂಡು ಏನೋ ಅಂದ.

ಅವಳಿಗೆ ಕೇಳಿಸಿತು. ಚೆನ್ನಾಗಿಯೇ ಕೇಳಿಸಿತು. ಆದರೂ ಕಿವಿಗೆ ಕೈ ಹಿಡಿದು, “ಗಾಡಿ ಸದ್ದು, ಗೊತ್ತಾಗ್ಲಿಲ್ಲ,” ಅಂದಳು.

ಅವನು ಬೈಕ್ ಆಫ್ ಮಾಡಿದ.

“ನೀವಂದ್ರೆ ನಂಗೆ ಪ್ರಾಣ,” ಅಂದ, ಅಡುಗೆಮನೆಯ ಪಾತ್ರೆಗಳ ಸದ್ದು ಗಪ್ಪನೆ ನಿಲ್ಲುವಷ್ಟು ಜೋರಾಗಿ.