ಕೊನೆಗೆ ನಾಯಿ ಸಾಯುತ್ತೆ, ಹುಷಾರ್!

"ಇದನ್ನ ಬರೆದಿದ್ದು ಯಾರು?"

ಲೈಬ್ರರಿ ಮಿಸ್ ಕತೆಪುಸ್ತಕವೊಂದನ್ನು ಬಿಡಿಸಿ ಎತ್ತಿ ಹಿಡಿದರು. ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ ದಪ್ಪಗೆ ಬರೆದಿತ್ತು: 'ಕೊನೆಗೆ ನಾಯಿ ಸಾಯುತ್ತೆ, ಹುಷಾರ್!'

ಇಡೀ ಕ್ಲಾಸು ಹಿಂದಿನ ಬೆಂಚಿನ ಹುಡುಗಿಯ ಕಡೆ ತಿರುಗಿತು. ಅವಳಿಗೆ ಕೊನೆಪುಟ ಅಂತ ಅಡ್ಡಹೆಸರು. ಯಾವ ಪುಸ್ತಕ ಸಿಕ್ಕರೂ ಮೊದಲು ಕೊನೆಯ ಪುಟ ನೋಡುತ್ತಿದ್ದಳು.

ಕೊನೆಪುಟ ಎದ್ದು ನಿಂತಳು. "ನಾನೇ ಮಿಸ್. ಈ ಕತೆ ಬರೆಯೋರು ಹೇಳ್ದೆ ಕೇಳ್ದೆ ನಾಯೀನ ಸಾಯಿಸ್ಬಿಡ್ತಾರೆ. ಓದೋರು ಅಳಬಾರ್ದಲ್ಲ, ಅದಕ್ಕೆ ಹೆಲ್ಪ್ ಮಾಡ್ದೆ."

"ಆಹಾ, ದೊಡ್ಡ ಉಪಕಾರ! ಎಷ್ಟು ಪುಸ್ತಕಕ್ಕೆ ಮಾಡಿದೀಯ?"

"ಹನ್ನೊಂದು."

"ಹನ್ನೊಂದನ್ನೂ ರಬ್ಬರ್ ತಗೊಂಡು ಉಜ್ಜು. ಅಲ್ಲೀವರೆಗೆ ನಿಂಗೆ ಒಂದು ಪುಸ್ತಕಾನೂ ಇಲ್ಲ."

ಮನೆಯಲ್ಲಿರುವ ಡಬ್ಬನ ವಿಷಯ ಅವಳು ಹೇಳಲಿಲ್ಲ. ಡಬ್ಬ ಅಂದರೆ ಅವಳ ನಾಯಿ. ಮರಿಯಾಗಿದ್ದಾಗ ಬಿಸ್ಕೆಟ್ ಡಬ್ಬದಲ್ಲಿ ಹಿಡಿಸುತ್ತಿತ್ತಂತೆ. ಈಗ ಅದಕ್ಕೆ ಹದಿಮೂರು ವರ್ಷ. "ವಯಸ್ಸಾಯ್ತಮ್ಮ" ಅಂತ ನಾಯಿ ಡಾಕ್ಟರ್ ಹೇಳಿದ ದಿನದಿಂದ ಅವಳು ಅದರ ಜೊತೆ ಆಡಿರಲಿಲ್ಲ. ಅದು ಹತ್ತಿರ ಬಂದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಊಟದ ಬಿಡುವಿನಲ್ಲಿ ಉಜ್ಜುವ ಕೆಲಸ ಶುರುವಾಯಿತು. ಜೊತೆಗೆ ಪಕ್ಕದ ಬೆಂಚಿನ ರೇಡಿಯೋ ಬಂದು ಕೂತ. ಬಾಯಿಗೆ ಬಿಡುವೇ ಇಲ್ಲದ ಹುಡುಗ, ಅದಕ್ಕೇ ಆ ಹೆಸರು.

ಹತ್ತು ಪುಸ್ತಕ ಮುಗಿದವು. ಹನ್ನೊಂದನೆಯದರ ಕೊನೆಯ ಪುಟದಲ್ಲಿ ಬರೀ ಚಿತ್ರ. ಒಂದು ಮಣ್ಣಿನ ಗುಡ್ಡೆ, ಪಕ್ಕದಲ್ಲಿ ಅಳುತ್ತಿರುವ ಹುಡುಗ. ಅಷ್ಟನ್ನೇ ನೋಡಿ ಅವಳು 'ಹುಷಾರ್' ಅಂತ ಬರೆದಿದ್ದಳು.

ರೇಡಿಯೋ ಅದರ ಹಿಂದಿನ ಪುಟ ಓದಿ ಬಿದ್ದು ಬಿದ್ದು ನಕ್ಕ. "ನಾಯಿ ಎಲ್ಲೇ ಸತ್ತಿದೆ? ಅದು ಇವನ ಹೊಸ ಶೂ ಹೂತಿಟ್ಟಿದೆ ಕಣೇ! ಅದಕ್ಕೆ ಅಳ್ತಿದಾನೆ!"

ಅವಳ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪುಸ್ತಕದ ಹಿಂದೆ ಅಂಟಿಸಿದ್ದ, ತಾರೀಖಿನ ಸೀಲು ಒತ್ತುವ ಚೀಟಿ ನೋಡಿದಳು. ಮೊದಲು ವಾರವಾರವೂ ಯಾರಾದರೂ ಒಯ್ದಿದ್ದರು. ಅವಳು 'ಹುಷಾರ್' ಅಂದ ಮೇಲೆ ಒಂದು ಸೀಲೂ ಬಿದ್ದಿರಲಿಲ್ಲ. ಪಾಪ, ಚೆನ್ನಾಗಿದ್ದ ನಾಯಿಯನ್ನು ತಾನೇ ಮೂಲೆಗೆ ಸೇರಿಸಿದ್ದಳು. ಅವಳಿಗೆ ತುಂಬ ಬೇಜಾರಾಯಿತು.

"ಮಿಸ್, ಎಲ್ಲ ಉಜ್ಜಿದೀನಿ. ಇದನ್ನ ಮನೆಗೆ ತಗೊಂಡು ಹೋಗ್ಲಾ? ಮೊದಲಿಂದ ಓದ್ತೀನಿ."

"ಮೊದಲಿಂದನಾ? ನೀನಾ?" ಮಿಸ್ ನಗುತ್ತ ಸೀಲು ಒತ್ತಿದರು.

ಸಂಜೆ ಡಬ್ಬ ಬಾಗಿಲಲ್ಲೇ ಮಲಗಿತ್ತು. ಅವಳು ಬೀರುವಿನ ಹಿಂದೆ ಅಡಗಿಸಿಟ್ಟಿದ್ದ ಚೆಂಡು ಹುಡುಕಿ ತೆಗೆದಳು. ಧೂಳು ಒರೆಸಿ ಮೆಲ್ಲಗೆ ಉರುಳಿಸಿದಳು.

ಡಬ್ಬ ಚೆಂಡನ್ನು ನೋಡಿತು. ಅವಳನ್ನು ನೋಡಿತು. ಕಷ್ಟಪಟ್ಟು ಎದ್ದು, ಚೆಂಡು ಬಿಟ್ಟು, ಅವಳ ಒಂದು ಚಪ್ಪಲಿ ಕಚ್ಚಿಕೊಂಡು ಕುಂಟುತ್ತ ಅಂಗಳಕ್ಕೆ ಹೊರಟಿತು. ಬಾಲ ಮಾತ್ರ ಮರಿಯಾಗಿದ್ದಾಗಿನಷ್ಟೇ ಜೋರಾಗಿ ಅಲ್ಲಾಡುತ್ತಿತ್ತು.

"ಅಮ್ಮಾ, ಡಬ್ಬ ನನ್ನ ಚಪ್ಪಲಿ ಕದೀತು!"

"ಹೋಗಿ ಹಿಡ್ಕೊಳ್ಳೇ!" ಅಂದರು ಅಮ್ಮ ಒಳಗಿನಿಂದ.

ಅವಳು ಹಿಂದೆಯೇ ಓಡಿದಳು, ಎಲ್ಲಿ ಡಬ್ಬ ಸಿಕ್ಕಿಬಿಡುತ್ತದೋ ಅಂತ ನಿಧಾನವಾಗಿ.